ಬಾವಿಕಟ್ಟೆಯ ಮೇಲೆ ಟೆನ್ನಿಸ್

ಕುಂಬ್ರ ಜಂಕ್ಷನ್ನಿಂದ ಒಳಗೆ ಒಂದು ಮಣ್ಣುರಸ್ತೆ ಹೋಗುತ್ತದಲ್ಲ... ಸ್ವಲ್ಪ ಮುಂದೆ ಹೋದರೆ ಒಂದು ಗೋಳಿಮರ. ಅದರ ಬುಡದಲ್ಲಿ ಬಾವಿ. ನೀರಿಲ್ಲ. ಅರ್ಧಕ್ಕೆ ಮಣ್ಣು ತುಂಬಿಸಿ, ಮೇಲೆ ಕಬ್ಬಿಣದ ಬಲೆ ಹಾಕಿ ಬಿಟ್ಟಿದ್ದಾರೆ. ಹೋದ ಬೇಸಗೆಯಲ್ಲಿ ನನ್ನ ಸೋದರಮಾವನ ಮಗ ಯತಿನ್ ರಾತ್ರಿ ಅಂಗಡಿ ಮುಚ್ಚಿ ಅದೇ ದಾರಿಯಲ್ಲಿ ಮನೆಗೆ ಹೋಗ್ತಾ ಇದ್ದ. ಕೈಯಲ್ಲಿ ಟಾರ್ಚ್ ಇರಲಿಲ್ಲ. ವಿಡಿಯೋ ಗೇಮ್ ಇತ್ತು.

ನಗಬೇಡಿ. ಪೂರ್ತಿ ಕೇಳಿ.

ಯತಿನ್ ಮೋಟಾರ್ ವೈಂಡಿಂಗ್ ಮಾಡುವವ. ಸುಟ್ಟ ಪಂಪು ಬಿಚ್ಚಿ, ತಾಮ್ರದ ತಂತಿಯನ್ನು ಹೊಸದಾಗಿ ಸುತ್ತುವ ಕೆಲಸ. ದೀಪಾವಳಿ ಹೊತ್ತಿಗೆ ಬೈಕಿನಿಂದ ಬಿದ್ದು ಬಲಗೈ ಮುರಿದಿತ್ತು. ಎಲುಬು ಕೂಡಿತು, ಆದರೆ ಹೆಬ್ಬೆರಳು ಸರಿಯಾಗಲಿಲ್ಲ. ಮಡಚು ಅಂದರೆ ಸ್ವಲ್ಪ ಯೋಚನೆ ಮಾಡಿ ಮಡಚುತ್ತಿತ್ತು. ಪಂಪು ಸುಡುದೇ ಬೇಸಗೆಯಲ್ಲಿ. ತೋಟದವರು ಬಂದು, ಇವನ ಕೈ ನೋಡಿ, ಪಾಪ ಅಂತ ಹೇಳಿ, ಪಂಪನ್ನು ವಾಪಸ್ ಜೀಪಿಗೆ ಹಾಕಿ ಪುತ್ತೂರಿಗೆ ಹೋಗ್ತಿದ್ದರು. ಮನೆಯಲ್ಲಿ ಅಂಗಿಯ ಬಟನ್ ಹೆಂಡತಿ ಪ್ರೀತಿಕಾ ಹಾಕಬೇಕು. ಅನ್ನ ಅವಳೇ ಕಲಸಿ ಕೊಡಬೇಕು. ಅವಳು ಬೇಸರ ಮಾಡಿದವಳಲ್ಲ. ಆದರೆ ಅವನಿಗೆ ಉರಿಯುತ್ತಿತ್ತು.

ಪಕ್ಕದ ಅಂಗಡಿಯಲ್ಲಿ ಮುನವ್ವರ್ ಮೊಬೈಲ್ ರಿಪೇರಿ ಮಾಡ್ತಾನೆ. ಅವನೇ ಒಂದು ದಿನ ಈ ಗೇಮ್ ತಂದು ಕೊಟ್ಟದ್ದು. ಅಂಗೈಯಲ್ಲಿ ಹಿಡಿಯುವಂಥದ್ದು, ನಡುವೆ ಸ್ಕ್ರೀನ್, ಎರಡೂ ಕಡೆ ಬಟನ್.

"ಬೆರಳು ಆಡಿಸಬೇಕು ಅಂತ ಡಾಕ್ಟ್ರು ಹೇಳಿದ್ದಲ್ವಾ? ಇದರಲ್ಲಿ ಟೆನ್ನಿಸ್ ಉಂಟು. ಆಡು ಮಾರಾಯ."

ಟೆನ್ನಿಸ್ ಅಂದರೆ ಬರೀ ಟೆನ್ನಿಸ್ ಅಲ್ಲ. ಅದರಲ್ಲಿ ಒಂದು ಕತೆ ಉಂಟು. ನಮ್ಮ ಆಟಗಾರ ಊರೂರು ಹೋಗಿ ಒಬ್ಬೊಬ್ಬರನ್ನೇ ಸೋಲಿಸಬೇಕು. ಆಡ್ತಾ ಆಡ್ತಾ ಶಕ್ತಿ ತುಂಬಿದರೆ ವಿಶೇಷ ಹೊಡೆತ ಸಿಗುತ್ತದೆ, ಚೆಂಡು ಬೆಂಕಿ ಹಿಡಿದ ಹಾಗೆ ಹೋಗುತ್ತದೆ. ಎದುರಾಳಿ ಹಾಗೆ ಹೊಡೆದಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಡೆಯಬೇಕು. ಚೂರು ಹಿಂದೆ ಮುಂದೆ ಆದರೆ ರ‍್ಯಾಕೆಟ್ ಮುರಿದು ಹೋಗುತ್ತದೆ, ಇರುವ ಎರಡು ಮೂರೂ ಮುರಿದರೆ ಸೋತ ಹಾಗೆ.

ಯತಿನ್ ಆ ಕತೆಯಲ್ಲಿ ಹೇಗೋ ಒಂದು ಹಳೇ ರೈಲ್ವೆ ಸ್ಟೇಷನ್ನಿನವರೆಗೆ ಬಂದ. ಅಲ್ಲಿ ಹಕ್ಕಿಯ ಕೊಕ್ಕಿನ ಮುಖದವ ಒಬ್ಬ ಇದ್ದ. ಅವನ ಹತ್ತಿರ ಸಿಕ್ಕಿಬಿದ್ದ. ಸೋತ. ಮತ್ತೆ ಸೋತ. ಫೆಬ್ರವರಿ ಪೂರ್ತಿ ಸೋತ. ಚೆಂಡು ಬರುವುದು ಕಾಣುತ್ತದೆ, ಯಾವಾಗ ಒತ್ತಬೇಕು ಅಂತ ಗೊತ್ತುಂಟು, ಹೆಬ್ಬೆರಳು ಮಾತ್ರ ರೆಪ್ಪೆ ಬಡಿಯುವಷ್ಟು ತಡ. ಊಟಕ್ಕೆ ಕರೆದರೆ ಪ್ರೀತಿಕಾಳ ಮೇಲೆ ರೇಗುತ್ತಿದ್ದ. ಒಂದು ಸಲ ಗೇಮನ್ನು ಗೋಡೆಗೆ ಬಿಸಾಡಲು ಎತ್ತಿದ್ದನಂತೆ. ಬಿಸಾಡಲಿಕ್ಕೂ ಕೈ ಸರಿಯಾಗಿ ಬರಲಿಲ್ಲ.

ಹಾಗಿರುವಾಗ ಒಂದು ರಾತ್ರಿ ಕರೆಂಟು ಹೋಗಿತ್ತು. ನಡೀತಾ ಆಡ್ತಾ ಬಂದವನು ಗೋಳಿಮರದ ಹತ್ತಿರ ಆಟ ಬಿಗಿಯಾಯಿತು ಅಂತ ಬಾವಿಕಟ್ಟೆಯಲ್ಲಿ ಕೂತ. ಟೊಕ್... ಟೊಕ್... ಚೆಂಡಿನ ಸದ್ದು. ಕೊಕ್ಕಿನವ ವಿಶೇಷ ಹೊಡೆತ ಹೊಡೆದ. ಇವ ಒತ್ತಿದ. ಕರಕ್. ರ‍್ಯಾಕೆಟ್ ಮುರಿಯಿತು.

"ಚ್ಚ..."

ಬೆನ್ನ ಹಿಂದೆ. ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ.

ಹಲ್ಲಿ ಇರಬೇಕು ಅಂದುಕೊಂಡ. ಇನ್ನೊಂದು ಆಟ ಶುರುಮಾಡಿದ. ಮತ್ತೆ ಅದೇ ಹೊಡೆತ. ಕರಕ್.

"ತಡ ಆಯ್ತು."

ಪಿಸುಮಾತು. ಗಂಡೋ ಹೆಣ್ಣೋ ಗೊತ್ತಾಗಲಿಲ್ಲವಂತೆ. ತಿರುಗಿ ನೋಡಿದರೆ ಕಬ್ಬಿಣದ ಬಲೆ, ಅದರ ಕೆಳಗೆ ಕತ್ತಲೆ. ಎದ್ದು ಓಡಿದ. ಮನೆ ಅಂಗಳ ಮುಟ್ಟುವವರೆಗೆ ನಿಲ್ಲಲಿಲ್ಲ.

ಆದರೆ ರಾತ್ರಿ ಮಲಗಿ ಯೋಚನೆ ಮಾಡಿದ್ದು ಏನು ಗೊತ್ತುಂಟಾ? ಅದು ಹೇಳಿದ್ದು ಸರಿ. ತಡವೇ ಆದದ್ದು.

ಮರುದಿನ ಬೇಕಂತಲೇ ಹೋಗಿ ಕೂತ. ಹೆದರಿಕೆ ಇತ್ತು. ಆದರೂ ಕೂತ. ಅಷ್ಟು ಸಾಕಾಗಿತ್ತು ಅವನಿಗೆ, ಆ ಕೊಕ್ಕಿನವನ ಮುಖ ನೋಡಿ.

"ಎಡಕ್ಕೆ," ಅಂತು. ಇವ ಎಡಕ್ಕೆ ಹೋದ. ಚೆಂಡು ಅಲ್ಲಿಗೇ ಬಂತು.

"ಈಗ ಹೊಡೀಬೇಡ... ಶಕ್ತಿ ಇಟ್ಟುಕೋ."

ಇಟ್ಟುಕೊಂಡ. ಪಾಯಿಂಟ್ ಬಂತು. ಕೊನೆಗೆ ಆ ಹೊಡೆತ. ಕರಕ್.

"ಚ್ಚ... ಎಂತ ಕೈ ಇದು."

ಹೀಗೆ ಕೆಲವು ದಿನ ನಡೆಯಿತು. ಅದಕ್ಕೂ ತಾಳ್ಮೆ ಕಡಿಮೆ ಆಗ್ತಾ ಬಂತು. ಬೇಗ ಆಯ್ತು, ತಡ ಆಯ್ತು, ಕಣ್ಣಿಲ್ವಾ... ಇವನಿಗೆ ಹೆದರಿಕೆ ಹೋಗಿ ತಲೆ ಕಾಯಲು ಶುರುವಾಯಿತು. ಹೇಳುದು ಸುಲಭ.

ಆಮೇಲೆ ಆ ರಾತ್ರಿ. ಗಾಳಿ ಇಲ್ಲ. ಗೋಳಿಮರದ ಒಂದು ಎಲೆಯೂ ಅಲ್ಲಾಡುದಿಲ್ಲ. ಇವನ ಕೊನೇ ರ‍್ಯಾಕೆಟ್. ಕೊಕ್ಕಿನವ ಮೇಲೆ ಹಾರಿದ. ಚೆಂಡು ಬೆಂಕಿಯಾಗಿ ಬಂತು. ಆಗ ಇವನ ಬಲ ಹೆಬ್ಬೆರಳಿನ ಮೇಲೆ ಇನ್ನೊಂದು ಬೆರಳು ಬಂದು ಕೂತಿತು... ತಣ್ಣಗೆ, ಒದ್ದೆಯಾಗಿ. ಒತ್ತಿತು.

ಠಣ್.

ಚೆಂಡು ತಿರುಗಿ ಹೋಯಿತು. ಕೊಕ್ಕಿನವ ಬಿದ್ದ. ಸ್ಕ್ರೀನಿನ ತುಂಬ ಬಣ್ಣದ ಕಾಗದ ಉದುರಿತು. ಗೆದ್ದಿದ್ದ.

ನೀವಾದರೆ ಏನು ಮಾಡ್ತಿದ್ದಿರಿ? ನಾನಾದರೆ ಅಲ್ಲೇ ಸಾಯ್ತಿದ್ದೆ. ಯತಿನ್‌ಗೆ ಬಂದದ್ದು ಕೋಪ. ಅಂಗಿ ಹಾಕಲು ಇನ್ನೊಬ್ಬರ ಕೈ, ಉಣ್ಣಲು ಇನ್ನೊಬ್ಬರ ಕೈ... ಈಗ ಇದಕ್ಕೂ.

"ಕೈ ತೆಗಿ," ಅಂದ.

"ಗೆದ್ದೆಯಲ್ಲ."

"ನಾನು ಗೆದ್ದದ್ದಲ್ಲ ಇದು. ಕೈ ತೆಗಿ."

"ನಿನ್ನಿಂದ ಆಗುದಿಲ್ಲ."

"ಆಗದಿದ್ದರೆ ಬೇಡ. ಇದು ನನ್ನ ಬೆರಳು."

 ಬೆರಳಿನ ಮೇಲಿನ ತಂಪು ಹಾಗೇ ಇತ್ತು. ಇವ ಅಲ್ಲಾಡಲಿಲ್ಲ. ಸ್ಕ್ರೀನಿನಲ್ಲಿ, ಇಲ್ಲಿಯವರೆಗಿನ ಆಟ ಸೇವ್ ಮಾಡುದಾ ಅಂತ ಕೇಳ್ತಾ ಇತ್ತು. ಇವ ಎಡಗೈಯಲ್ಲಿ ತಡಕಾಡಿ ಸ್ವಿಚ್ ಆಫ್ ಮಾಡಿದ. ತಿಂಗಳುಗಟ್ಟಲೆ ಕಾದ ಗೆಲುವು, ಹೋಯಿತು.

ಕತ್ತಲೆಯಲ್ಲಿ ಬೆರಳು ಹಗುರಾಯಿತು. ಕಬ್ಬಿಣದ ಬಲೆ ಕಿರ್ರ್... ಅಂತು, ಭಾರ ಇಳಿದಾಗ ಆಗ್ತದಲ್ಲ, ಹಾಗೆ.

ಮನೆಗೆ ಬಂದು ಪ್ರೀತಿಕಾಳಿಗೆ ಎಲ್ಲ ಹೇಳಿದ. ಅವಳು ಬಟ್ಟಲು ಮುಂದಿಟ್ಟಳು. ಕಲಸಲು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಅವ ಅರ್ಧ ಚೆಲ್ಲಿಕೊಂಡು ತಾನೇ ಉಂಡ.

ಮತ್ತೆ ಮನೆಯ ಜಗಲಿಯಲ್ಲೇ ಆಡಿದ. ಸೋತದ್ದೇ ಸೋತದ್ದು. ಬೆರಳು ಮಾತ್ರ ನಿಧಾನಕ್ಕೆ ಬಗ್ಗಲು ಶುರುವಾಯಿತು. ಮಳೆಗಾಲದ ಮೊದಲು ಒಂದು ಸಣ್ಣ ಪಂಪಿಗೆ ತಂತಿ ಸುತ್ತಿದ. ಸೀಸನ್ ಮುಗಿದ ಮೇಲೆ ಬಂದ ಕೈ, ಏನು ಪ್ರಯೋಜನ ಅಂತ ಅದಕ್ಕೂ ಬೈದುಕೊಂಡ. ಕೊಕ್ಕಿನವನನ್ನು ಇವತ್ತಿಗೂ ಸೋಲಿಸಲಿಲ್ಲ.

ಇದೆಲ್ಲ ಅವ ಹೇಳಿದ್ದು. ಇನ್ನು ನಾನು ಕಂಡದ್ದು ಹೇಳ್ತೇನೆ. ಆ ಬಾವಿಗೆ ಯಾರಾದರೂ ಬಿದ್ದು ಸತ್ತ ಕತೆ ನಮ್ಮ ಕಡೆ ಇಲ್ಲ, ನಾನು ವಿಚಾರಿಸಿದ್ದೇನೆ. ಜೂನ್‌ನಲ್ಲಿ ಬಲಗಡೆಯ ಬಟನ್ ಅಂಟುತ್ತದೆ ಅಂತ ಯತಿನ್ ಗೇಮನ್ನು ಮುನವ್ವರನಿಗೆ ಕೊಟ್ಟ. ನಾನು ಅಲ್ಲೇ ಸ್ಟೂಲಿನಲ್ಲಿ ಕೂತಿದ್ದೆ. ಮುನವ್ವರ್ ಸ್ಕ್ರೂ ಬಿಚ್ಚಿದ. ಎಡಗಡೆ ಒಣಗಿ ಚೊಕ್ಕ ಇತ್ತು.

"ಇದನ್ನು ನೀರಿಗೆ ಹಾಕಿದ್ದಾ ಮಾರಾಯ?" ಅಂದ.

"ಇಲ್ಲ," ಅಂದ ಯತಿನ್.

ಬಲಗಡೆ, ಬಟನಿನ ಅಡಿಯಲ್ಲಿ, ಪಾಚಿ ಬೆಳೆದಿತ್ತು. ಹಸಿರು ಪಾಚಿ. ಮುಟ್ಟಿದರೆ ಜಾರುತ್ತಿತ್ತು... ನಾನೇ ಮುಟ್ಟಿ ನೋಡಿದ್ದು.