ಮೀನಿಗೆ ಹಿಡಿದ ಕನ್ನಡಿ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ, ಶನಿವಾರ ಬೆಳಗಿನ ಏಳು ಗಂಟೆ. ಚಾಮರಾಜಪುರದ ಗಾಡಿ ನಿಲ್ದಾಣದಲ್ಲಿ ಜಟಕಾ ಸಿದ್ದರಾಜು ಕುದುರೆಗೆ ಹುಲ್ಲು ಹಾಕುತ್ತಿದ್ದ. ದೇವೀರಮ್ಮ ಆಗಲೇ ಗಾಡಿ ಹತ್ತಿ ಕೂತಿದ್ದಳು. ಕೆಳಗೆ ನಿಂತ ಸುಂದರಮ್ಮನವರ ಕೈಯಲ್ಲಿ ನೀರು ತುಂಬಿದ ಹಾರ್ಲಿಕ್ಸ್ ಸೀಸೆ, ಅದರೊಳಗೆ ದೇವೀರಮ್ಮನಿಗೆ ಕೊಡಲು ತಂದ ಕೆಂಪು ಪಟ್ಟೆಯ ಪುಟ್ಟ ಮೀನು.

"ಆರಿದ್ವು ಕಣಮ್ಮ. ಇದೊಂದೇ ಉಳೀತು."

"ಗುಂಪಲ್ಲಿ ಬಾಳೋ ಮೀನು ಅಲ್ವ್ರಾ ಇವು? ಒಂಟಿ ಎಂಗಿತ್ತು?"

"ನೀರುಗಿಡದ ಹಿಂದೆ ಅವಿತ್ಕೊಂಡು ತಿನ್ನೋದೇ ಬಿಟ್ಟಿತ್ತು. ನಮ್ಮ ಯಜಮಾನರು ಸಾಕಿದ್ದು, ನನ್ನ ಕೈಲಿ ಸಾಯಬಾರದಲ್ಲ? ಗಾಜಿನ ತೊಟ್ಟಿಗೆ ಮನೇಲಿದ್ದ ಒಂದೇ ಕನ್ನಡಿ ಒರಗಿಸಿದೆ. ತನ್ನನ್ನೇ ನೋಡಿ ಜೊತೆ ಬಂತು ಅಂದ್ಕೊಂಡು ಒಂಚೂರು ತಿಂತು."

"ಆಹಾ, ಮೀನಿಗೆ ಶೋಕಿ! ನೀವೆಂಗೆ ಮುಖ ನೋಡ್ಕೊಂತಿದ್ರಿ?"

"ಕುಂಕುಮ ಇಡೋ ಕೆಲಸ ಇಲ್ಲ, ನನಗ್ಯಾಕೆ ಕನ್ನಡಿ? ಅವರು ಹೋದಾಗಿನಿಂದ ಗೋಡೆ ಕಡೆ ತಿರುಗಿಸಿಟ್ಟಿದ್ದೆ."

ದೇವೀರಮ್ಮನ ನಗು ನಿಂತಿತು. ಸಿದ್ದರಾಜು ಉಳಿದ ಹುಲ್ಲನ್ನು ಗಾಡಿಗೆ ಹಾಕಿಕೊಂಡ.

"ನಮ್ಮನೆ ತೊಟ್ಟೀಲಿ ಇಂಥವೇ ಎಂಟವೆ. ಬಿಟ್ಟೇಟ್ಗೆ ಸೇರ್ಕೊಬುಡ್ತದೆ. ನೀವೂ ಬರ್ತಾ ಇರಿ, ಅಮ್ಮಾವ್ರೇ."

"ನೋಡೋಣ."

"ಆ ಕನ್ನಡಿ?"

"ಬೆಳಗ್ಗೆ ಮತ್ತೆ ಗೋಡೆ ಕಡೆ ತಿರುಗಿಸಿ ಬಂದೆ ಕಣಮ್ಮ."

ಸೀಸೆ ಕೈ ಬದಲಾಯಿತು. ನೀರು ತುಳುಕದ ಹಾಗೆ ಸಿದ್ದರಾಜು ಮೆಲ್ಲಗೆ ಗಾಡಿ ಬಿಟ್ಟ. ಮೀನು ದೇವರಾಜ ಮೊಹಲ್ಲಾದ ದೇವೀರಮ್ಮನ ಮನೆಗೆ ಹೋಯಿತು. ಸುಂದರಮ್ಮನವರು ಬರಿಗೈಯಲ್ಲಿ ಮನೆ ಕಡೆ ತಿರುಗಿದರು.