ಊದುಬತ್ತಿ ಹಚ್ಚಿ ಬರುವಷ್ಟರಲ್ಲಿ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಸಾಲಿಗ್ರಾಮ ಪೇಟೆಯ ವರ್ತಕ ಬಂಧುಗಳೇ, ಊಟದ ಮನೆಯ ಕಡೆಗೆ ಒಂದು ಕಣ್ಣಿಟ್ಟಿರುವ ಸಭಿಕರೇ,

ಇಪ್ಪತ್ತೈದು ವರ್ಷ ಒಂದೇ ಅಂಗಡಿಯಲ್ಲಿ ಕುಳಿತು ಟೈಪ್ ಮಾಡಿದ್ದಕ್ಕೆ ನಮ್ಮ ಸಂಘ ಇವತ್ತು ನನ್ನನ್ನು ಸನ್ಮಾನಿಸುತ್ತಿದೆ. ಸಂತೋಷ. ಆದರೆ ಅಧ್ಯಕ್ಷರೇ, ಆ ಶಾಲು ಸ್ವಲ್ಪ ಹೊತ್ತು ತಟ್ಟೆಯಲ್ಲೇ ಇರಲಿ. ನನ್ನ ಮಾತು ಮುಗಿದ ಮೇಲೆ ಹೊದೆಸಬೇಕೋ ಬೇಡವೋ ನೀವೇ ನಿರ್ಧರಿಸಿ.

ಇಲ್ಲಿ ಕುಳಿತಿರುವ ಅರ್ಧಕ್ಕರ್ಧ ಜನರ ಮದುವೆಯ ಕರೆಯೋಲೆ ಕಾಗದ ಮಾಡಿದವಳು ನಾನು. ಸಂಸಾರ ಹೇಗೆ ನಡೆಯಿತು ಎಂಬುದಕ್ಕೆ ಮಾತ್ರ ನಾನು ಹೊಣೆಯಲ್ಲ. ಆ ಕಾಗದಗಳೆಲ್ಲ ಇರುವುದು ನನ್ನ ಕಂಪ್ಯೂಟರಿನ ಹಳೆಯ ವಿಂಡೋಸಿನಲ್ಲಿ. ನನ್ನ ಕೈಗೆ ಹೊಂದಿದ ಕನ್ನಡದ ಅಕ್ಷರ ಅದರಲ್ಲಿ ಮಾತ್ರ ಓಡುತ್ತದೆ. ಆದರೆ ಈಚೆಗೆ ಅದರಲ್ಲಿ ಇಂಟರ್ನೆಟ್ಟಿನ ಒಂದು ಅರ್ಜಿಯ ಪುಟವೂ ತೆರೆಯುತ್ತಿರಲಿಲ್ಲ. ಹಳೆಯದನ್ನು ಬಿಡುವಂತಿಲ್ಲ, ಹೊಸದಿಲ್ಲದೆ ನಡೆಯುವಂತಿಲ್ಲ. ಏನು ಮಾಡುವುದು?

ನಮ್ಮ ಮಹಡಿಯಲ್ಲಿ ಬಾಡಿಗೆಗೆ ಇರುವ ರತೀಶ್ ಮಾಸ್ಟ್ರು, ಅಲ್ಲಿ ಕಂಬದ ಪಕ್ಕ ಕುಳಿತಿದ್ದಾರೆ, ಒಂದು ದಾರಿ ಹೇಳಿದರು. "ಹಳೇದು ಹಳೇದರ ಪಾಡಿಗಿರಲಿ ಅಕ್ಕ. ಅದೇ ಕಂಪ್ಯೂಟರಿನಲ್ಲಿ, ವಿಂಡೋಸಿನ ಪಕ್ಕದಲ್ಲಿ, ಲಿನಕ್ಸ್ ಅಂತ ಹೊಸದೊಂದು ಹಾಕಿಕೊಡುತ್ತೇನೆ. ಒಂದೇ ಮನೆಗೆ ಎರಡು ಬಾಗಿಲು. ಯಾವುದು ಬೇಕೋ ಅದರಲ್ಲಿ ಒಳಗೆ ಹೋಗಿ." ಒಂದು ಭಾನುವಾರ ಕುಳಿತು ಹಾಕಿಯೂ ಕೊಟ್ಟರು. ಮಿಷನ್ ಶುರು ಮಾಡಿದ ಕೂಡಲೇ ಎರಡರ ಹೆಸರೂ ಬರುತ್ತದೆ, ಹತ್ತು ಸೆಕೆಂಡು ಕಾಯುತ್ತದೆ, ಆಮೇಲೆ ಹೊಸದು ತಾನೇ ತೆರೆಯುತ್ತದೆ, ಹಳೆಯದು ಬೇಕಿದ್ದರೆ ಅಷ್ಟರೊಳಗೆ ಬಾಣದ ಗುಂಡಿಯಲ್ಲಿ ಕೆಳಗಿಳಿದು ಎಂಟರ್ ಒತ್ತಿ ಎಂದರು. ನಾನು ಹೂಂ ಹೂಂ ಎಂದೆ. ನಿಜ ಹೇಳಬೇಕೆಂದರೆ ಆಗ ನನ್ನ ಗಮನ ಒಲೆಯ ಮೇಲಿನ ಗಂಜಿಯ ಮೇಲಿತ್ತು. ಮಾರನೇ ದಿನ ಅವರು ಪರೀಕ್ಷೆಯ ಪೇಪರ್ ತಿದ್ದುವ ಕೆಲಸಕ್ಕೆ ಮಂಗಳೂರಿಗೆ ಹೋದರು.

ಸೋಮವಾರ ಅಂಗಡಿ ತೆರೆದೆ. ಹೊಸದು ಮಾತ್ರ ಇದೆ. ಹಳೆಯದರ ಸುಳಿವೇ ಇಲ್ಲ. ಆರಿಸಿ ಮತ್ತೆ ಹಾಕಲು ಧೈರ್ಯವಾಗಲಿಲ್ಲ. ಮಂಗಳವಾರವೂ ಅಷ್ಟೇ, ಬುಧವಾರವೂ ಅಷ್ಟೇ. ಹನ್ನೆರಡು ದಿನ! ಬಂದವರಿಗೆಲ್ಲ "ಮಾಸ್ಟ್ರು ಹಾಳ್ ಮಾಡಿ ಹೋದ್ರ್" ಎಂದು ಹೇಳಿದೆ. ಆಗ ಪೇಟೆಯಲ್ಲಿ ಹಬ್ಬಿದ ಸುದ್ದಿಯ ಮೂಲ ನಾನೇ. ಮಾಸ್ಟ್ರೇ, ಕ್ಷಮಿಸಿ.

ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಮಾಡಲಿಲ್ಲ? ಸಭಿಕರೇ, ಹಳೆಯದೆಲ್ಲ ಹೋಯಿತು ಎಂದುಕೊಂಡಾಗ ನನಗೆ ಒಳಗೊಳಗೇ ಹಾಯೆನಿಸಿತ್ತು.

ಹನ್ನೊಂದು ವರ್ಷದ ಹಿಂದೆ ದಿನಸಿ ಅಂಗಡಿಯ ಮಂಜಯ್ಯಣ್ಣನ ದೊಡ್ಡ ಮಗಳು ಪ್ರಣೀತಾಳ ಮದುವೆ. ಹೆಸರುಗಳ ಚೀಟಿ ಕೊಟ್ಟು, "ನೀವ್ ಕಂಡ್ರೆ ಸಾಕ್, ನಾ ಕಾಂಬುದ್ ಎಂತ ಇತ್ತ್?" ಎಂದು, ಅಚ್ಚಿನ ಮೊದಲು ಕರಡು ನೋಡಲೂ ನಿಲ್ಲದೆ ಹೊರಟುಹೋದರು. ಕಾಗದದ ಕೊನೆಗೆ ಮನೆಯವರ ಹೆಸರು. ಕಟ್ಟಕಡೆಯ ಸಾಲು ಅವರ ತಮ್ಮನದು, 'ಉಮಾನಾಥ ಮತ್ತು ಕುಟುಂಬ'. ಆ ಸಾಲು ಹೂವಿನ ಅಂಚಿಗೆ ತಾಗುತ್ತಿತ್ತು. ಅಕ್ಷರ ಸಣ್ಣದು ಮಾಡಿ ಮತ್ತೆ ಹಾಕೋಣ ಎಂದು ತೆಗೆದೆ. ಅಷ್ಟರಲ್ಲಿ ಯಾರೋ ಜೆರಾಕ್ಸಿಗೆ ಬಂದರು. ಮತ್ತೆ ಹಾಕಲು ಮರೆತೆ. ಆರುನೂರು ಕಾಗದ ಅಚ್ಚಾಗಿ ಹಂಚಿಯೂ ಆಯಿತು.

ಮಂಜಯ್ಯಣ್ಣ ಓಡಿಬಂದರು. "ಸುಗುಣಕ್ಕ, ತಮ್ಮನ್ ಹೆಸ್ರ್ ಎಂತಕ್ಕೆ ಇಲ್ಲೆ?" ನಾನೇನು ಹೇಳಿದೆ ಗೊತ್ತೇ? ನೀವು ಕೊಟ್ಟ ಚೀಟಿಯಲ್ಲೇ ಇರಲಿಲ್ಲ ಎಂದೆ. ಹೆದರಿ ಬಾಯಿಗೆ ಬಂದ ಸುಳ್ಳು. ಆ ಮನುಷ್ಯ ನನ್ನನ್ನು ನಂಬಿದರು. ಹಣೆ ಚಚ್ಚಿಕೊಂಡು, "ನಾನೇ ಬರಿಯೂಕೆ ಮರ್ತದ್ದ್" ಎಂದರು. ಹೋಗಿ ತಮ್ಮನ ಹತ್ತಿರವೂ ಅದನ್ನೇ ಹೇಳಿದರು. ಉಮಾನಾಥಣ್ಣ ಕೇಳಿದ ಮಾತು ಪೇಟೆಗೆಲ್ಲ ಗೊತ್ತು. "ಒಟ್ಟಿಗೆ ಹುಟ್ಟಿದವ್ನ್ ಹೆಸ್ರ್ ಯಾರಿಗಾರೂ ಮರಿತದಾ?"

ಅಂದಿನಿಂದ ಅವರ ನಡುವೆ ಮಾತಿಲ್ಲ. ಎದುರುಬದುರು ಅಂಗಡಿ. ಇಬ್ಬರೂ ಒಂದೇ ಬಸ್ಸಿಗೆ ಬೇರೆ ಬೇರೆ ಬಾಗಿಲಲ್ಲಿ ಹತ್ತುತ್ತಾರೆ. ನಾನು ನಡುವೆ ಕುಳಿತು ಇಬ್ಬರ ಲೆಟರ್‌ಹೆಡ್ಡೂ ಮಾಡಿಕೊಟ್ಟೆ. ಪ್ರತಿ ವರ್ಷ ಹೇಳಬೇಕೆಂದುಕೊಂಡೆ. ಪ್ರತಿ ವರ್ಷ ಹೇಳುವುದು ಇನ್ನಷ್ಟು ಕಷ್ಟವಾಯಿತು. ಅದರ ಮೇಲೆ ನನ್ನ ಸುಳ್ಳಿಗೆ ಸಾಕ್ಷಿ ಆ ಹಳೆಯ ವಿಂಡೋಸಿನಲ್ಲೇ ಇತ್ತು. ಸಾಲು ತೆಗೆಯುವ ಮೊದಲು ಉಳಿಸಿದ್ದು 'ಮಂಜಯ್ಯ ಒಂದು', ತೆಗೆದ ಮೇಲಿನದು 'ಮಂಜಯ್ಯ ಎರಡು'. ಅಳಿಸುವ ಧೈರ್ಯವೂ ನನಗಿರಲಿಲ್ಲ.

ಹಳೆಯದು ಕಾಣೆಯಾದ ಹನ್ನೆರಡನೇ ದಿನ ಮಂಜಯ್ಯಣ್ಣ ಬಂದರು. ಕಿರಿಮಗಳು ಸ್ವಾತಿಯ ಮದುವೆ. "ಹ್ವಾಯ್ ಅಕ್ಕ, ಹಳೇ ಕಾಗ್ದವೇ ತೆಗ್ದ್ ಹೆಸ್ರ್ ಬದ್ಲ್ ಮಾಡಿ ಕೊಡಿ" ಎಂದರು. ಅದು ಹೋಯಿತು ಅಂದೆ. "ಹೋದ್ರೆ ಹೋಯ್ಲಿ. ಹೊಸ್ತ್ ಮಾಡಿ. ಉಮಾನಾಥನ್ ಹೆಸ್ರ್ ಮೊದ್ಲ್ ಹಾಕಿ, ಇಲ್ದಿರೆ ಮತ್ತೆ ಮರಿತೆ ನಾನ್" ಎಂದರು. "ಅವ ಬತ್ನೋ ಇಲ್ಯೋ ಗೊತ್ತಿಲ್ಲೆ" ಎಂದೂ ಹೇಳಿದರು. ಅವರು ಹೋದ ಮೇಲೆ ಶಟರ್ ಅರ್ಧ ಎಳೆದು ಅತ್ತೆ.

ಹದಿಮೂರನೇ ದಿನ ಬೆಳಿಗ್ಗೆ ಮಿಷನ್ ಹಾಕಿದೆ. ಹಾಕಿದ ಕೂಡಲೇ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬರುವುದು ನನ್ನ ಇಪ್ಪತ್ತೈದು ವರ್ಷದ ಪದ್ಧತಿ. ಅಂದು ಡಬ್ಬಿಯಲ್ಲಿ ಊದುಬತ್ತಿ ಮುಗಿದಿತ್ತು. ಸುಮ್ಮನೆ ಕುಳಿತೆ. ಪರದೆಯ ಮೇಲೆ ಎರಡು ಹೆಸರು! ಹತ್ತು, ಒಂಬತ್ತು, ಎಂಟು ಎಂದು ಎಣಿಸುತ್ತಿದೆ. ದಿನವೂ ಬರುತ್ತಿತ್ತು, ನಾನು ಊದುಬತ್ತಿ ಹಚ್ಚಿ ಬರುವಷ್ಟರಲ್ಲಿ ಹೋಗುತ್ತಿತ್ತು. ಮೂರು ಎನ್ನುವಾಗ ಬಾಣದ ಗುಂಡಿ ಒತ್ತಿ ಕೆಳಗಿಳಿದು ಎಂಟರ್ ಒತ್ತಿದೆ. ಹಳೆಯದು ತೆರೆಯಿತು. 'ಮಂಜಯ್ಯ ಒಂದು' ಅಲ್ಲೇ ಇತ್ತು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಅಬ್ಬ, ಇನ್ನು ಹೇಳಬಹುದು ಅನಿಸಿತು.

ಹೇಳಲು ಮತ್ತೆ ಒಂದು ವಾರ ಬೇಕಾಯಿತು, ಈ ಮೈಕೂ ಬೇಕಾಯಿತು. ಒಬ್ಬೊಬ್ಬರ ಮುಂದೆ ಹೇಳಿದ್ದರೆ ಇನ್ನೊಬ್ಬರು ನಂಬುತ್ತಿರಲಿಲ್ಲ. ಎರಡನ್ನೂ ಅಚ್ಚು ಹಾಕಿ ತಂದಿದ್ದೇನೆ, ಇಗೋ, ತಾರೀಕು ಸಮೇತ. ಮಂಜಯ್ಯಣ್ಣ, ನೀವು ಮರೆತಿರಲಿಲ್ಲ. ಉಮಾನಾಥಣ್ಣ, ನಿಮ್ಮ ಅಣ್ಣ ನಿಮ್ಮ ಹೆಸರು ಬರೆದಿದ್ದರು. ತೆಗೆದವಳು ನಾನು. ತಪ್ಪಾಯಿತು.

ಉಮಾನಾಥಣ್ಣ, ಎದ್ದು ಹೋಗಬೇಡಿ. ಬಯ್ಯುವುದಾದರೆ ನಿಂತೇ ಬಯ್ಯಿರಿ, ಆದರೆ ಬಾಗಿಲಿಗೆ... ಓ. ಬಾಗಿಲಿಗೆ ಅಲ್ಲ.

ಮಂಜಯ್ಯಣ್ಣ, ಪಕ್ಕದ ಕುರ್ಚಿಯ ಮೇಲಿಟ್ಟ ಆ ಚೀಲ ತೆಗೆಯಿರಿ. ಅವರಿಗೆ ಕೂರಲು ಜಾಗ ಬೇಕು.

ಅಧ್ಯಕ್ಷರೇ, ಶಾಲಿನ ವಿಚಾರ ಆಮೇಲೆ ನೋಡೋಣ, ನನಗೆ ಈಗ ಕಣ್ಣು ಒರೆಸಲು ಸೆರಗೇ ಸಾಕು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಹಳೆಯದನ್ನು ಅಳಿಸದೆ ಹೊಸದಕ್ಕೆ ಜಾಗ ಮಾಡಿಕೊಟ್ಟ ರತೀಶ್ ಮಾಸ್ಟ್ರಿಗೂ ನಾನು ಋಣಿ. ಎಲ್ಲರೂ ಊಟ ಮಾಡಿಯೇ ಹೋಗಿ. ನಮಸ್ಕಾರ.