ತಗಡಿಗೆ ಬಿಗಿದ ಏಣಿ

ಅಣ್ಣಿಗೇರಿ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದ ಅರುಣಾಳ ಪಕ್ಕಕ್ಕೆ ಇಬ್ಬರು ಗೆಳೆಯರು ಬಂದು ಕೂತರು. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಮಾಂತೇಶ ಪ್ರವಾಸಿಗರು ಒಳಗೇ ಮಲಗಿ ಊರೂರು ಸುತ್ತುವ ಮನೆಗಾಡಿಯ ಡ್ರೈವರ್, ಈರೇಶ ವೆಲ್ಡಿಂಗ್ ಅಂಗಡಿಯವನು ಎಂಬುದು ಅವಳಿಗೆ ಅವರ ಮಾತಿನಿಂದಲೇ ತಿಳಿಯಿತು.

"ಗಾಡಿ ಹಿಂದಿನ ಏಣಿ ಒಳಗಿನ ಚೌಕಟ್ಟಿಗೆ ಬಿಗದೇನಿ ಅಂದಿದ್ದಿ, ಈರೇಶ. ಬರೇ ತಗಡಿಗೆ ಬೋಲ್ಟ್ ಹಾಕಿದ್ದಿ. ನಾ ಟಾಪಿಗೆ ಹತ್ತೂ ಮುಂದ ತಗಡ ಸಮೇತ ಕಿತ್ತಬಂತು."

"ಚೌಕಟ್ಟಿಗೆ ಬಿಗೀಬೇಕಂದ್ರ ಒಳಗಿನ ಹಲಗಿ ಎಲ್ಲಾ ಬಿಚ್ಚಬೇಕಿತ್ತಪಾ. ಮಾಲಕರು ಅವಸರ ಮಾಡಿದ್ರು."

"ಅದಕ್ಕ ನಾ ಸಿಟ್ಟಾಗಿಲ್ಲ. ನಿನ್ನ ಹೆಸರು ಕೆಡಬಾರದಂತ, ಕಾಲು ಜಾರಿ ಬಿದ್ದೆ ಅಂತ ಹೇಣ್ತಿಗೂ ಸುಳ್ಳ ಹೇಳೇನಿ. ನೀ ಮಾಲಕರಿಗೆ ಏನ ಹೇಳಿದಿ?"

ಈರೇಶ ಬಸ್ ಬರುವ ದಾರಿಯ ಕಡೆಗೆ ನೋಡಿದ.

"ಮಾಂತೇಶ ಕುಡದು ಹತ್ತಿದ್ದ ಅಂದಿ. ಇವತ್ತ ಅವರು ನನ್ನ ಕೆಲಸದಿಂದ ತಗದ್ರು."

"ಖರೇ ಹೇಳಿದ್ರ ನನ್ನ ಅಂಗಡಿಗೆ ಯಾರೂ ಬರ್ತಿರಲಿಲ್ಲಲೇ. ನೀ ತಿಳಕೊಂತಿ ಅಂದ್ಕೊಂಡೆ."

"ನಾ ಒಂದ ಹನಿ ಸೆರೆ ಮುಟ್ಟಿದವನಲ್ಲ ಅನ್ನೂದು ನಿನಗ ಗೊತ್ತಿತ್ತು."

ಬಸ್ ಬಂತು. ಈರೇಶ ಎದ್ದು ಕೈ ಚಾಚಿದ. ಮಾಂತೇಶ ಆ ಕೈಯನ್ನು ನೋಡದೆ ಅರುಣಾಳ ಕಡೆಗೆ ತಿರುಗಿದ.

"ಅಕ್ಕಾರ, ಸ್ವಲ್ಪ ಕೈ ಹಿಡೀತೀರೇನ್ರಿ? ಬಸ್ ಹತ್ತಬೇಕು."

ಅರುಣಾ ಚೀಲವನ್ನು ಹೆಗಲಿಗೇರಿಸಿ ಅವನ ತೋಳು ಹಿಡಿದಳು. ಈರೇಶ ಬಸ್ ಹತ್ತಲಿಲ್ಲ.